ಕೆಂಡ, ಕರ್ಪೂರ, ರಾಗಿ ಸರಿ

ಏನಮ್ಮಾ, ಪಂಚೆ ಹಾಸಿ ಒಣಗಿಸ್ತಿರೋದು ಮಗುವಿನ ಸರಿಗೆ ಮೊಳಕೆ ರಾಗಿನಾ? ಬೇಲಿ ಸಂದಿಯಿಂದ ಕಂಡಿತು. ಒಳ್ಳೇ ಕೆಲಸ ಮಾಡ್ದೆ ಕಣೇ. ಈ ಆಸ್ಟಿನ್ ಬಿಸಿಲಿಗೆ ಸಾಯಂಕಾಲದ ಹೊತ್ತಿಗೆ ಗರಿಗರಿ ಆಗಿರುತ್ತೆ. ಕೇಟಿಯಲ್ಲಿರೋ ನನ್ನ ತಂಗಿ ಮಾತ್ರ ಹೊರಗೆ ಹಾಕೋದೇ ಇಲ್ಲ. ಹೂಸ್ಟನ್ ಕಡೆ ಕಡಲ ಗಾಳಿ, ಎಷ್ಟು ಬಿಸಿಲಿದ್ರೂ ತೇವ ಆರಲ್ಲ. ರಾಗಿ ಒಣಗೋಕೆ ಮುಂಚೆ ಮುಗ್ಗಲು ಹಿಡಿದಿರುತ್ತೆ. ಅವಳು ಹಣ್ಣು ಒಣಗಿಸೋ ಡಿಹೈಡ್ರೇಟರ್‌ನಲ್ಲಿ ಒಣಗಿಸ್ಕೋತಾಳೆ. ಒಂದಿಷ್ಟು ಮುಗ್ಗಲು ವಾಸನೆ ಬಂದ್ರೂ ಹುರಿದು ಸರಿ ಮಾಡೋಣ ಅಂದ್ಕೋಬೇಡ, ಚೆಲ್ಲಿಬಿಡು. ಬೂಷ್ಟಿನ ವಿಷ ಹುರಿದ್ರೂ ಹೋಗಲ್ಲ.

ಅಂಗಡೀಲಿ ಮಕ್ಕಳ ಅಕ್ಕಿ ಸಿರಿಯಲ್ ಡಬ್ಬಿ ಸಾಲುಸಾಲಾಗಿ ಇಟ್ಟಿರ್ತಾರೆ, ನೋಡಿದೀಯಲ್ಲ. ಅಕ್ಕಿ ಮಣ್ಣಿನಲ್ಲಿರೋ ಆರ್ಸೆನಿಕ್ಕನ್ನ ಬೇರೆ ಧಾನ್ಯಗಳಿಗಿಂತ ಹೆಚ್ಚು ಹೀರ್ಕೊಳ್ಳುತ್ತೆ. ಅದಕ್ಕೇ 2020ರಲ್ಲಿ ಇಲ್ಲಿನ ಆಹಾರ-ಔಷಧ ಇಲಾಖೆ ಎಫ್‌ಡಿಎ, ಮಕ್ಕಳ ಅಕ್ಕಿ ಸಿರಿಯಲ್‌ನಲ್ಲಿ ಅದು ನೂರು ಕೋಟಿ ಪಾಲಿಗೆ 100 ಪಾಲು ಮೀರಬಾರದು ಅಂತ ಮಿತಿ ಹೇಳ್ತು. ನಮ್ಮ ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಆದ್ರೆ ನಮ್ಮ ಹಿರಿಯರ ನಿಜವಾದ ಜಾಣತನ ಇರೋದು ಮೊಳಕೆ ಬರಿಸೋದ್ರಲ್ಲಿ. ಮೊಳಕೆ ಬಂದ ಕಾಳಲ್ಲಿ ಪಿಷ್ಟ ಒಡೆಯೋ ಗುಣ ಹುಟ್ಟುತ್ತೆ, ಹಾಗಾಗಿ ಕಾಯಿಸಿದಾಗ ಸರಿ ಅಂಟಂಟಾಗದೆ ತೆಳ್ಳಗಿರುತ್ತೆ. ಅಷ್ಟೇ ತೆಳ್ಳಗಿನ ಸರಿಗೆ ಇನ್ನೊಂದು ಚಮಚ ಹಿಟ್ಟು ಹಿಡಿಯುತ್ತೆ. ಮಗುವಿನ ಹೊಟ್ಟೆ ಎಷ್ಟಗಲ ಇದ್ದೀತು ಹೇಳು, ಅಷ್ಟು ಜಾಗದಲ್ಲಿ ಹೆಚ್ಚು ಸತ್ವ ಸೇರ್ಬೇಕಲ್ಲ. ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿ ಇಟ್ಕೋ. ರಾಗಿ ಕೊಡ್ತಿದೀನಿ ಅಂತ ಡಾಕ್ಟರ್ ಹೇಳಿದ ಕಬ್ಬಿಣದ ಹನಿ ಮಾತ್ರ ನಿಲ್ಲಿಸ್ಬೇಡ. ರಾಗಿಯ ಕಬ್ಬಿಣ ಮೈಗೆ ಹತ್ತೋದು ಕಮ್ಮಿ.

ನಿಮ್ಮತ್ತೆ ಮೈಸೂರಿಂದ ಬರ್ತಾರಂತೆ! ಬರ್ಲಿ, ಮನೆ ತುಂಬಿದ ಹಾಗಾಗುತ್ತೆ. ಸೂಟ್‌ಕೇಸ್‌ನಲ್ಲಿ ಏನೇನಿರುತ್ತೆ ಅಂತ ನಾನು ಈಗಲೇ ಹೇಳ್ತೀನಿ: ಸಾಂಬ್ರಾಣಿ, ಬಜೆ, ಅಂಟುವಾಳ, ಕಾಡಿಗೆ ಡಬ್ಬಿ, ಕರ್ಪೂರದ ಪೊಟ್ಟಣ. ಎಲ್ಲಾ ಪ್ರೀತಿಯಿಂದ ತರೋದು. ಆದ್ರೆ ಅವರ ಒಂದೊಂದು ಪದ್ಧತಿಯೂ ಅವರ ಮನೆಗೆ, ಅಲ್ಲಿನ ನೀರಿಗೆ, ಅಲ್ಲಿನ ಗಾಳಿಗೆ ಹೊಂದಿಕೊಂಡು ಬೆಳೆದದ್ದು ಕಣಮ್ಮ. ಇಲ್ಲಿ ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ ಅಂತ ಒಂದೊಂದಾಗಿ ನೋಡ್ಬೇಕು.

ಸಾಂಬ್ರಾಣಿನೇ ತಗೋ. ಎರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಕುಕ್ಕೆ ಬೋರಲು ಹಾಕಿ, ಮಗುವಿನ ತಲೆಗೂದಲು ಆರಿಸ್ತಿದ್ರು. ಆ ಮನೆಗಳಿಗೆ ಹೆಂಚಿನ ಮಾಡು, ಬೆಳಕಿಂಡಿ, ಸದಾ ತೆರೆದ ಹಿತ್ತಲ ಬಾಗಿಲು. ಹೊಗೆ ತನ್ನಷ್ಟಕ್ಕೆ ದಾರಿ ಹುಡುಕ್ಕೊಂಡು ಹೋಗ್ತಿತ್ತು. ಟೆಕ್ಸಸ್ ಮನೆ ಹಾಗಲ್ಲ, ಎಸಿ ತಂಪು ಸೋರಬಾರದು ಅಂತ ಕಿಟಕಿ ಬಾಗಿಲಿಗೆಲ್ಲ ಬಿಗಿ ಮಾಡಿರ್ತಾರೆ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. 2021ರ ಫೆಬ್ರವರಿ ನೆನಪಿದೆಯಾ? ಹಿಮ ಬಿದ್ದು, ಕರೆಂಟು ಹೋಗಿ, ಹೂಸ್ಟನ್ ಕಡೆ ಜನ ಚಳಿ ತಾಳಲಾರದೆ ಇದ್ದಿಲಿನ ಒಲೆ ಮನೆಯೊಳಗೇ ಹಚ್ಚಿದ್ರು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಕೂತ್ರು. ಆ ಕೆಲವೇ ದಿನದಲ್ಲಿ ನೂರಾರು ಜನ ಈ ಗಾಳಿ ಕುಡಿದು ಆಸ್ಪತ್ರೆ ಸೇರಿದ್ರು, ಅವರಲ್ಲಿ ಮಕ್ಕಳೂ ಇದ್ರು. ಮಗು ಸುಸ್ತಾಗಿ ಮಲಗಿದೆ ಅಂತ ನಾವಂದ್ಕೋತೀವಿ, ಅದು ನಿದ್ದೆ ಆಗಿರಲ್ಲ. ಅದಕ್ಕೇ ಮನೆಯೊಳಗೆ ಕೆಂಡ ಬೇಡವೇ ಬೇಡ. ಹತ್ತಿ ಟವೆಲಿಂದ ಒತ್ತಿದ್ರೆ ಕೂದಲು ಆರುತ್ತೆ. ದೇವರಿಗೆ ಧೂಪ ಹಾಕಲೇಬೇಕಾದ್ರೆ ಹೊರಗೆ ಪ್ಯಾಟಿಯೋದಲ್ಲಿ, ಮಗುವಿನಿಂದ ದೂರ. ಮಲಗೋ ಕೋಣೆ ಹತ್ರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ ಅಂತ ಇವತ್ತೇ ನೋಡು.

ಕರ್ಪೂರದ ವಿಷಯಕ್ಕೆ ನಂಗೆ ಇನ್ನೂ ಭಯ. ಬಿಳೀ ಬಿಲ್ಲೆ, ಮಗುವಿನ ಕಣ್ಣಿಗೆ ಅದು ಪೆಪ್ಪರ್‌ಮಿಂಟೇ. ಅಂಬೆಗಾಲಿಡೋ ಕೂಸು ದೇವರ ಗೂಡಿನ ಕೆಳಗಿನ ಡ್ರಾಯರ್ ಎಳೆದು ಒಂದು ಬಾಯಿಗೆ ಹಾಕ್ಕೊಂಡ್ರೂ ಸಾಕು, ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ನೆಗಡಿಗೆ ಅಂತ ಕೊಬ್ಬರಿ ಎಣ್ಣೇಲಿ ಕರ್ಪೂರ ಕಾಯಿಸಿ ಎದೆಗೆ ಹಚ್ಚೋದೂ ಎಳೇ ಮಕ್ಕಳಿಗೆ ಬೇಡ, ಅದು ಚರ್ಮದಿಂದಲೂ ಒಳಗೆ ಇಳಿಯುತ್ತೆ. ಪೊಟ್ಟಣ ಮೇಲಿನ ಕಪಾಟಿಗೆ ಹೋಗ್ಲಿ, ಅದಕ್ಕೊಂದು ಚಿಲಕ ಇರ್ಲಿ.

ಬಜೆ ತೇಯ್ದು ಜೇನುತುಪ್ಪದ ಜೊತೆ ನೆಕ್ಕಿಸ್ತಾರಲ್ಲ, ಎರಡೂ ಬೇಡ. ಬಜೆಯ ಎಣ್ಣೆಯಿಂದ ಇಲಿಗಳಿಗೆ ಗಡ್ಡೆ ಬಂದದ್ದು ನೋಡಿ ಅಮೆರಿಕದಲ್ಲಿ 1968ರಲ್ಲೇ ಅದನ್ನ ಆಹಾರಕ್ಕೆ ಹಾಕೋ ಹಾಗಿಲ್ಲ ಅಂದ್ರು. ಜೇನಿನಲ್ಲಿ ಬಾಟ್ಯುಲಿಸಂ ರೋಗದ ಬೀಜಾಣು ಇರಬಹುದು. ವರ್ಷ ತುಂಬದ ಮಗುವಿನ ಕರುಳಲ್ಲಿ ಅದು ಮೊಳೆತು ವಿಷ ಕಾರುತ್ತೆ. ಮನೆ ಒಲೆ ಮೇಲೆ ಕುದಿಸಿದ್ರೂ ಬೀಜಾಣು ಸಾಯಲ್ಲ. ಕಾಡಿಗೆಯ ಕಥೆಯೂ ಅಷ್ಟೇ, ಅಂಗಡಿ ಕಾಡಿಗೆ ಸುರ್ಮಾಗಳಲ್ಲಿ ಸೀಸ ಸಿಕ್ಕಿದೆ, ಎಫ್‌ಡಿಎ ಅದಕ್ಕೆ ಒಪ್ಪಿಗೇನೇ ಕೊಟ್ಟಿಲ್ಲ. ಹರಳೆಣ್ಣೆ ದೀಪದ ಮಸಿಯಿಂದ ಅತ್ತೆಯವರೇ ಮಾಡಿದ್ದಾದ್ರೆ ಕಿವಿ ಹಿಂದೆ ಒಂದು ದೃಷ್ಟಿ ಬೊಟ್ಟು ಇಡ್ಲಿ, ಕಣ್ಣಿಗೆ ಮಾತ್ರ ಬೇಡ. ಅಂಗಡೀದು ಈಗಾಗ್ಲೇ ಹಚ್ಚಿದ್ರೆ ಮಗುವಿನ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸ ನೋಡಿಸು. ಅರಿಶಿನವನ್ನ ಕೊಂಬಾಗಿ ತಂದು ಮನೇಲೇ ಪುಡಿ ಮಾಡ್ಕೋ. ಬಣ್ಣ ಏರಲಿ ಅಂತ ಪುಡಿಗೆ ಸೀಸದ ಹಳದಿ ಬೆರೆಸೋರಿದ್ದಾರೆ. 2016ರಲ್ಲಿ ಇದೇ ದೇಶದ ಅಂಗಡಿಗಳಿಂದ ಎಷ್ಟೋ ಪೊಟ್ಟಣ ವಾಪಸ್ ತರಿಸಿದ್ರು.

ಅಂಟುವಾಳಕ್ಕೆ ಮಾತ್ರ ನನ್ನದು ಪೂರ್ತಿ ಓಟು! ಆಸ್ಟಿನ್ ಪಕ್ಕದ ನಮ್ಮ ಈ ರೌಂಡ್ ರಾಕ್ ಸುತ್ತಮುತ್ತ ನೆಲವೆಲ್ಲ ಸುಣ್ಣಕಲ್ಲು, ನೀರು ಗಡಸು. ಸೋಪು ತುರಿದು, ವಾಷಿಂಗ್ ಸೋಡಾ, ಬೋರಾಕ್ಸ್ ಸೇರಿಸಿ ಮನೇಲೇ ಡಿಟರ್ಜೆಂಟ್ ಮಾಡ್ತೀವಿ ಅಂತಾರೆ ಫ್ರಿಸ್ಕೋದಲ್ಲಿರೋ ನಮ್ಮ ಸೊಸೆಯ ಗೆಳತಿಯರು. ಗಡಸು ನೀರಿಗೆ ಸೋಪು ಸೇರಿದ್ರೆ ಜಿಗುಟು ಗಸಿಯಾಗಿ ಬಟ್ಟೆ ಲಂಗೋಟಿಗೆ ಕೂರುತ್ತೆ, ಲಂಗೋಟಿ ನೀರು ಹೀರೋದೇ ಬಿಡುತ್ತೆ. ಬೋರಾಕ್ಸ್ ಅಂತೂ ಕೂಸಿರೋ ಮನೇಲಿ ಕೈಗೆಟುಕೋ ಹಾಗಿರಬಾರದು. ಅಂಟುವಾಳದ ನೊರೆ ಸುಣ್ಣದ ಜೊತೆ ಹಾಗೆ ಗಸಿ ಕಟ್ಟಲ್ಲ. ಬೀಜ ತೆಗೆದ ಸಿಪ್ಪೆ ಬಟ್ಟೆ ಚೀಲದಲ್ಲಿ ಕಟ್ಟಿ, ಬಿಸಿನೀರಲ್ಲಿ ನೆನೆಸಿ ಕಿವುಚಿದ್ರೆ ಆಯ್ತು. ಕಣ್ಣಿಗೆ ಬಿದ್ರೆ ಉರಿಯುತ್ತೆ, ಬಟ್ಟೆಗೆ ಸಾಕು, ತಲೆಗೆ ಹಾಕ್ಬೇಡ.

ಕೆಟಲ್‌ನಲ್ಲಿ, ನಲ್ಲಿ ಮೂತಿಯಲ್ಲಿ ಬಿಳೀ ಸುಣ್ಣ ಕಟ್ಟಿದ್ರೆ ವಿನೆಗರ್ ಚೆನ್ನಾಗಿ ಬಿಡಿಸುತ್ತೆ. ಅದಕ್ಕೆ ಅಡುಗೆ ಸೋಡಾ ಬೆರೆಸಿ ಬುಸುಬುಸು ಅನ್ನಿಸೋದ್ರಿಂದ ಏನೂ ಲಾಭ ಇಲ್ಲ, ಒಂದರ ಶಕ್ತಿ ಇನ್ನೊಂದು ಕಳೆಯುತ್ತೆ. ಮಾರ್ಬಲ್ ಕಟ್ಟೆಗೆ ವಿನೆಗರ್ ತಾಗಿಸ್ಬೇಡ, ಕಲ್ಲು ತಿನ್ನುತ್ತೆ. ಬ್ಲೀಚ್ ಜೊತೆ ಅಂತೂ ಯಾವತ್ತೂ ಸೇರಿಸ್ಬೇಡ, ಕ್ಲೋರಿನ್ ಗಾಳಿ ಏಳುತ್ತೆ. ಉಚ್ಚೆ ಬಟ್ಟೆ ನೆನೆಸಿದ ಬಕೆಟ್ಟಿಗೂ ಬ್ಲೀಚ್ ಸುರೀಬೇಡ, ಅದೂ ಕೆಟ್ಟ ಹೊಗೆ ಏಳಿಸುತ್ತೆ. ನೀನು ಮಾಡಿದ ದ್ರಾವಣ ಯಾವುದೇ ಆಗ್ಲಿ, ಜ್ಯೂಸ್ ಬಾಟ್ಲಿಗೆ ತುಂಬ್ಬೇಡ, ಹೆಸರು ಬರೆದು ಅಂಟಿಸು. ಏನಾದ್ರೂ ಬಾಯಿಗೆ ಹೋಯ್ತು ಅನ್ನಿಸಿದ್ರೆ ವಾಂತಿ ಮಾಡಿಸೋಕೆ ಹೋಗ್ಬೇಡ. ವಿಷ ಸಹಾಯವಾಣಿ 1-800-222-1222ಕ್ಕೆ ಫೋನ್ ಮಾಡು, ಹಗಲು ರಾತ್ರಿ ಇರ್ತಾರೆ, ದುಡ್ಡಿಲ್ಲ. ಮಗು ಎಚ್ಚರ ತಪ್ಪಿದ್ರೆ, ಉಸಿರು ಕಟ್ಟಿದ್ರೆ, ಫಿಟ್ಸ್ ಬಂದ್ರೆ ನೇರ 911. ಎರಡೂ ನಂಬರನ್ನ ಅತ್ತೆಗೆ ಕಾಣೋ ಹಾಗೆ ಫ್ರಿಜ್ ಮೇಲೆ ಕನ್ನಡದಲ್ಲಿ ಬರೆದು ಹಚ್ಚು.

ಇಷ್ಟೆಲ್ಲ ಬೇಡ ಬೇಡ ಅಂದ್ರೆ ಅವರ ಮನಸ್ಸು ನೋಯುತ್ತೆ ಅಂತೀಯ. ನಿಜ. ಅದಕ್ಕೇ ಅವರು ಬಂದ ಮಾರನೇ ದಿನವೇ ಮಗುವಿನ ಎಣ್ಣೆ ನೀರು ಅವರ ಕೈಗೆ ಕೊಟ್ಬಿಡು. ಕಾಲು ನೀಡಿ ಕೂತು, ಕೂಸನ್ನ ಕಾಲ ಮೇಲೆ ಮಲಗಿಸಿ, ಕೊಬ್ಬರಿ ಎಣ್ಣೆ ನೀವಿ ಎರೆಯೋ ಕೈ ಈ ಊರಲ್ಲಿ ದುಡ್ಡು ಕೊಟ್ರೂ ಸಿಗಲ್ಲ. ಅದಕ್ಕೆ ಮುಂಚೆ ಗ್ಯಾರೇಜಿಗೆ ಹೋಗಿ ನೀರಿನ ಹೀಟರ್ 120 ಡಿಗ್ರಿ ಫ್ಯಾರನ್‌ಹೀಟ್ ಮೀರದ ಹಾಗೆ ತಿರುಗಿಸಿ ಬಾ. ಹಂಡೆ ನೀರು ಬೆರೆಸಿ ಅಭ್ಯಾಸ ಇರೋರಿಗೆ ನಲ್ಲಿಯ ಬಿಸಿ ಅಂದಾಜು ಸಿಗಲ್ಲ. ಮೊದಲು ಪಕ್ಕದಲ್ಲಿ ಕೂತು ಅವರ ಕೈ ನೋಡು, ಆಮೇಲೆ ಅವರು ನಿನ್ನ ಕೈ ನೋಡ್ಲಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡೋದು ಬೇಡ ಅಂತ ಆಗ ಮೆಲ್ಲಗೆ ಹೇಳು, ಕೇಳ್ತಾರೆ.