ಸ್ನಾನ ತಗೊಂಡು ಎಲ್ಲಿಡ್ತಾರೆ?

ಹರಿಹರದ ತಂಗಿ ಮನೆಗೆ ಹೊರಟವನನ್ನು ಮೊಮ್ಮಗಳು ಬಾಗಿಲಲ್ಲೇ ಹಿಡಿದಳು. ಕೈಯಲ್ಲಿ ಇಂಗ್ಲಿಷ್ ವರ್ಕ್‌ಬುಕ್ಕು. ಬಿಟ್ಟ ಸ್ಥಳ ತುಂಬಬೇಕು: ಡೂ, ಮೇಕ್, ಟೇಕ್, ಹ್ಯಾವ್. ಹೋಂವರ್ಕಿಗೆ ಡೂ, ಮಿಸ್ಟೇಕಿಗೆ ಮೇಕ್, ಬಾತಿಗೆ ಟೇಕ್ ಅಂತ ಠೀವಿಯಿಂದ ತುಂಬಿಸಿದೆ. ಅವಳು ಪೆನ್ಸಿಲ್ ಕಚ್ಚಿಕೊಂಡು, "ಅಜ್ಜಾ, ಸ್ನಾನ ತಗೊಂಡು ಎಲ್ಲಿಡ್ತಾರೆ?" ಅಂದಳು.

ಜೀವಮಾನವೆಲ್ಲ ಬ್ಯಾಂಕಿನಲ್ಲಿ ಇಂಗ್ಲಿಷ್ ಪತ್ರ ಬರೆದವನಿಗೆ ಉತ್ತರ ಹೊಳೆಯಲಿಲ್ಲ. "ಅದು ಹಂಗೇ ಬರೋದು, ಬರ್ಕೋ" ಅಂದೆ. ನಮ್ಮ ಮೇಷ್ಟ್ರೂ ನಮಗೆ ಅಷ್ಟೇ ಹೇಳಿದ್ದು. ಹೋಂವರ್ಕೂ ತಪ್ಪೂ ನಮಗೆ ಒಂದೇ 'ಮಾಡು' ಖಾತೆಯಲ್ಲಿ ನಡೆಯುತ್ತವೆ. ಇಂಗ್ಲಿಷಿನವನು ಯಾಕೋ ಎರಡು ಖಾತೆ ತೆರೆದು ಕೂತಿದ್ದಾನೆ. ಇಂಥ ಜೋಡಿಗಳನ್ನು ಕಲೆಹಾಕಿ ಹೆರಾಲ್ಡ್ ಪಾಮರ್ ಎಂಬಾತ 1933ರಲ್ಲಿ ದೊಡ್ಡದೊಂದು ವರದಿ ಹೊರತಂದ. ಲಂಡನ್ನಿನಲ್ಲಲ್ಲ, ಟೋಕಿಯೊದಲ್ಲಿ. ಜಪಾನಿನ ಮಕ್ಕಳೂ ಸ್ನಾನ ಎಲ್ಲಿಡೋದು ಅಂತ ಕೇಳಿರಬೇಕು.

ನನ್ನ ಮೊದಲ ಪೋಸ್ಟಿಂಗಿನಲ್ಲಿ ಮ್ಯಾನೇಜರು ಹೊರರಾಜ್ಯದವರು. ತಂಗಿ ಮದುವೆಗೆ ರಜೆ ಹಾಕಬೇಕಿತ್ತು. "ಸರ್, ಐ ಪುಟ್ ಲೀವ್" ಅಂದೆ. "ವೇರ್?" ಅಂದರು. ಅರ್ಜಿ ಎಲ್ಲಿಟ್ಟೆ ಅಂತ ಕೇಳುತ್ತಿದ್ದಾರೆಂದು ತಿಳಿದು, ಪಾಪ, ಅವರ ಟೇಬಲ್ಲಿನ ಮೂಲೆಯನ್ನೇ ತೋರಿಸಿದೆ. ಅವರೇನು ಕಡಿಮೆಯೇ? ಅವರ ಮಗ ಆ ವರ್ಷ ಪರೀಕ್ಷೆ 'ಕೊಡು'ತ್ತಿದ್ದ. ನಮ್ಮ ಕಡೆ ಪರೀಕ್ಷೆ ಬರೆಯುತ್ತಾರೆ, ಹಿಂದಿಯವರು ಕೊಡುತ್ತಾರೆ, ಇಂಗ್ಲಿಷಿನವನು ಅದನ್ನೂ ಟೇಕ್ ಮಾಡುತ್ತಾನೆ. ಫೇಲಾಗುವುದು ಮಾತ್ರ ಎಲ್ಲರೂ ಒಂದೇ ಥರ.

ಬಸ್ ಸ್ಟ್ಯಾಂಡ್ ದಾರಿಯಲ್ಲಿ ಬೆಣ್ಣೆ ದೋಸೆಯ ವಾಸನೆ ಕಾಲು ಕಟ್ಟಿತು. ಸೌದೆ ಒಲೆ, ಅದರ ಮೇಲೆ ಕರ್ರನೆ ಕಾವಲಿ. "ನಾಕು ಬೆಣ್ಣೆ ಹಾಕಪ್ಪಾ, ಒಂದು ಖಾಲಿ!" ಅಂತ ಸಪ್ಲೈಯರ್ ಕೂಗಿದ. ಭಟ್ಟ ಕಾವಲಿಗೆ ನೀರು ಹಾಕಿದ, ಚುಂಯ್ ಅಂತು. ಕಡ್ಡಿ ಪೊರಕೆಯಲ್ಲಿ ಗುಡಿಸಿ ಹಿಟ್ಟು ಹಾಕಿದ. ಬೆರಳಲ್ಲಿ ಬೆಣ್ಣೆ ಕಿತ್ತು ಅಂಚಿಗೆ ಹಾಕಿದ. ಪಕ್ಕದ ಟೇಬಲ್ಲಿನವರು, "ಸೈಟ್ ಕೊಡಿಸ್ತೀನಂತ ಟೋಪಿ ಹಾಕಿದ ಕಣ್ರೀ, ಈಗ ಅವನೇ ಕೇಸ್ ಹಾಕ್ತಾನಂತೆ" ಅಂತ ಶಾಪ ಹಾಕುತ್ತಿದ್ದರು. ಅವರಿಗೆ ಇನ್ನೊಂದು ಸೌಟು ಚಟ್ನಿ ಹಾಕಿದರು. ಗಲ್ಲಾದವ ಲೆಕ್ಕ ಹಾಕಿದ. ಒಂದು ದೋಸೆ ಮುಗಿಯುವುದರೊಳಗೆ ಎಷ್ಟು 'ಹಾಕು' ಬಿದ್ದವೋ! ಇವನ್ನೆಲ್ಲ ಮೊಮ್ಮಗಳ ವರ್ಕ್‌ಬುಕ್ಕಿಗೆ ತುಂಬಿದರೆ ಇಂಗ್ಲಿಷ್ ಮಿಸ್ಸು ರಜೆ ಹಾಕಿಯಾರು. ಟೇಕ್‌ಗೆ ನಕ್ಕವನ ಬಾಯಿಗೆ ಆಲೂಗಡ್ಡೆ ಪಲ್ಯ ಸಿಕ್ಕಿಕೊಂಡಿತು.

ಆಚೆ ಬಂದರೆ 'ಹೊಡೆ'ಯ ರಾಜ್ಯ. ಒಬ್ಬ ಟೈರಿಗೆ ಗಾಳಿ ಹೊಡೆಯುತ್ತಿದ್ದ, ಇನ್ನೊಬ್ಬ ಗೋಡೆಗೆ ಸುಣ್ಣ ಹೊಡೆಯುತ್ತಿದ್ದ, ಇಬ್ಬರು ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಹರಟೆ ಹೊಡೆಯುತ್ತಿದ್ದರು. ಯಾರಿಗೂ ಪೆಟ್ಟಾಗಿರಲಿಲ್ಲ.

ಹರಿಹರ ಎಷ್ಟು ದೂರ, ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಊರಿನ ಹಳೇ ಹೆಸರು ಕೂಡಲೂರು. ತುಂಗಭದ್ರೆಗೆ ಹರಿದ್ರಾ ಹಳ್ಳ ಕೂಡುವ ಜಾಗ. ಆ ತುಂಗಭದ್ರೆಯೂ ಮೇಲೆ ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡಿಯೇ ಆದವಳು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿಯಲ್ಲಿ ದೇವರೂ ಕೂಡಿಕೊಂಡೇ ನಿಂತಿದ್ದಾನೆ, ಬಲಕ್ಕೆ ಹರ, ಎಡಕ್ಕೆ ಹರಿ. ಟೇಕ್ ಎಲ್ಲಿಗೆ ಮುಗಿದು ಬಾತ್ ಎಲ್ಲಿಂದ ಶುರು ಅಂತ ಕೇಳುವುದು, ಗರ್ಭಗುಡಿಯಲ್ಲಿ ಟೇಪು ಹಿಡಿದು ಹರನನ್ನು ಅಳೆದಂತೆ. ಸಂಜೆ ವಾಪಸು ಹೋಗಿ ಮೊಮ್ಮಗಳಿಗೆ ಇದನ್ನೇ ಹೇಳಿಬಿಡಬೇಕು ಅಂತ ಬಸ್ಸಿನಲ್ಲೇ ತಾಲೀಮು ನಡೆಸಿದೆ.

ಬಾಗಿಲು ತೆಗೆದ ತಂಗಿ ಮೊದಲು ಕೇಳಿದ್ದು, "ಗುಡಿಗೆ ಹೋಗಬೇಕಲ್ಲಣ್ಣ, ಸ್ನಾನ ಆಯ್ತಾ?"

ತಗೊಳ್ಳೋದೂ ಇಲ್ಲ, ಮಾಡೋದೂ ಇಲ್ಲ, ತಾನಾಗೇ ಆಗಬೇಕು! "ಇಲ್ಲವ್ವ" ಅಂದೆ. ದೋಸೆಯ ಸುದ್ದಿ ಎತ್ತಲಿಲ್ಲ.

"ನೀರು ಕಾದೈತೆ, ಹಾಕ್ಕೋ ಹೋಗು" ಅಂದಳು.