ಕಡಲಕ್ಕಿಯ ಪ್ರಾಯ
ಚಳಿಗಾಲದಲ್ಲಿ ಮಲ್ಪೆ ಬಂದರಿಗೆ ದುರ್ಬೀನು ಹಿಡಿದು ಹೋಗುವವನಿಗೆ ಪುಣ್ಯ ಸಾಲದು, ಪುಕ್ಕ ಎಣಿಸುವ ತಾಳ್ಮೆ ಬೇಕು. ಕಂದುತಲೆ, ಕರಿತಲೆ ಕಡಲಕ್ಕಿಗಳೆರಡೂ ಆ ಹೊತ್ತಿಗೆ ತಲೆಯ ಬಣ್ಣ ಕಳಚಿಟ್ಟು, ಕಣ್ಣಿನ ಹಿಂದೆ ದೃಷ್ಟಿಬೊಟ್ಟಿನಂಥ ಚುಕ್ಕೆಯೊಂದನ್ನು ಉಳಿಸಿಕೊಂಡಿರುತ್ತವೆ. ರೆಕ್ಕೆತುದಿಯ ಕಪ್ಪಿನೊಳಗೆ ಬಿಳಿ ಮಚ್ಚೆಯಿದ್ದರೆ ಬೆಳೆದ ಕಂದುತಲೆ. ಅದು ಕಾಣಲು ಹಕ್ಕಿ ಹಾರಬೇಕು; ಹಾರುವುದು ನಾನು ಕನ್ನಡಕ ಒರೆಸುವಾಗಲೇ. ಬಾಲದಂಚಿಗೆ ಕಪ್ಪು ಪಟ್ಟಿಯಿದ್ದರೆ ಮೊದಲ ವರ್ಷದ್ದು. ದೊಡ್ಡ ಜಾತಿಯವಂತೂ ಬೆಳೆದು ದೊಡ್ಡವಾಗಲು ಸುಮಾರು 4 ವರ್ಷ ತೆಗೆದುಕೊಂಡು, ವರ್ಷಕ್ಕೊಂದು ವೇಷ ಹಾಕುತ್ತವೆ.

"ಪ್ರಾಯ ಕೇಳಿ ಮದುವೆ ಮಾಡಿಸ್ಲಿಕ್ಕುಂಟಾ ಮಾರಾಯ್ರೆ?" ಎಂದರು ಮೀನು ಮಾರುವ ಅಕ್ಕ. ಅಷ್ಟರಲ್ಲಿ ಅವರ ಬುಟ್ಟಿಯಿಂದ ಬೂತಾಯಿಯೊಂದು ಮಾಯ.

"ಯಾವುದು ಕದ್ದದ್ದು?"

"ಎರಡನೇ ಚಳಿಗಾಲದ್ದಿರಬೇಕು ಅಕ್ಕಾ," ಎಂದೆ.

"ಹಾಗಾದ್ರೆ ದುಡ್ಡು ನೀವೇ ಕೊಡಿ, ಗುರ್ತದವರಲ್ವಾ?"