ಕೆಂಡದ ಕಾಕಾ

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಹೆಚ್ಚುಕಡಿಮೆ 30 ಕಿಲೋಮೀಟರ್. ಈ ದಾರಿಯ ಯಾವ ಹೊಲದಲ್ಲಿ ನಾಲ್ಕು ಮಂದಿ ಸೇರಿ ಏನನ್ನಾದರೂ ಸುಡಲು ಕೂತರೂ ಅಲ್ಲೊಬ್ಬ ಕೆಂಡದ ಕಾಕಾ ಇದ್ದೇ ಇರುತ್ತಾರೆ. ಉಳ್ಳಾಗಡ್ಡಿ ಹೆಚ್ಚುವಾಗ, ನೀರು ಹೊರುವಾಗ ಅವರು ಕಣ್ಣಿಗೆ ಬೀಳುವುದಿಲ್ಲ. ಇದ್ದಲಿ ಚೀಲದ ಬಾಯಿ ಬಿಚ್ಚಿದ ಸದ್ದಾಯಿತೋ, ಎಲ್ಲಿದ್ದರೂ ಎದ್ದು ಬರುತ್ತಾರೆ. “ಸರಕೊಳ್ರಿ ಆ ಕಡಿ. ಬೆಂಕಿ ನಾ ಹಚ್ತೀನಿ.”

ನಮ್ಮ ಗುಂಪಿನ ಕಾಕಾ ಮೊದಲು ಟವೆಲ್ ತಲೆಗೆ ಸುತ್ತಿ, ಅಂಗೈ ಮೇಲೆತ್ತಿ ಗಾಳಿ ನೋಡುತ್ತಾರೆ. ಆಮೇಲೆ ಒಲೆಯ ತಪಾಸಣೆ. ಒಲೆಯೆಂದರೆ ಬಸವಕಲ್ಯಾಣದ ಆಟೋನಗರದಲ್ಲಿ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿ, ಕಾಲು ವೆಲ್ಡಿಂಗ್ ಮಾಡಿಸಿ, ಮೇಲೆ ಜಾಲರಿ ಕೂರಿಸಿದ ಗ್ರಿಲ್. ಲಾರಿಗೆ ಲಾರಿಯನ್ನೇ ಕಟ್ಟಿ ನಿಲ್ಲಿಸುವವರಿಗೆ ಇದು ಚಹಾ ಆರುವುದರೊಳಗಿನ ಕೆಲಸ. ಕಾಕಾ ಬಗ್ಗಿ ನೋಡಿ, “ತಳದಾಗ ತೂತೇ ಇಲ್ಲಲ್ರೀ! ಬೆಂಕಿ ಉಸಿರು ಹೆಂಗ ತಗೊಬೇಕು?” ಎನ್ನುತ್ತಾರೆ. ಹೋದ ವರ್ಷವೂ ಇದನ್ನೇ ಹೇಳಿದ್ದರು. ನಾವೂ ತೂತು ಹೊಡೆಸಿಲ್ಲ. ಹೊಡೆಸಿಬಿಟ್ಟರೆ ಈ ವರ್ಷ ಕಾಕಾ ಏನು ಹೇಳಬೇಕು?

ಅಷ್ಟರಲ್ಲಿ ಹಸಿವು ತಾಳದ ಹುಡುಗನೊಬ್ಬ ಚಿಮಣಿ ಎಣ್ಣೆಯ ಬಾಟ್ಲಿ ತೆಗೆಯುತ್ತಾನೆ. ಅಲ್ಲಿಗೆ ಮುಗಿಯಿತು.

“ಏ ತಮ್ಮಾ! ಇದ್ದಲಿ ಮೈಯೆಲ್ಲಾ ತೂತು, ಎಣ್ಣಿ ಕುಡೀತದ. ಕುಡದಿದ್ದು ಆಮ್ಯಾಲ ನಿನ್ನ ಕಬಾಬಿಗೇ ಉಗುಳ್ತದ. ಪೆಟ್ರೋಲಿನ ಹೆಸರಂತೂ ಎತ್ತಬ್ಯಾಡ, ಹುಬ್ಬು ಹೋಗ್ತಾವ. ನಮ್ಮ ಕಲ್ಯಾಣದ ರಾಜ ಮೂರನೇ ಸೋಮೇಶ್ವರ 1129ರಾಗ ‘ಮಾನಸೋಲ್ಲಾಸ’ ಬರದಾನ. ಅದರಾಗ ಕೆಂಡದ ಮ್ಯಾಲ ಮಾಂಸ ಸುಡೋದೂ ಅದ. ಅವಾ ಏನು ಚಿಮಣಿ ಎಣ್ಣಿ ಸುರದಿದ್ನೇನು?”

ಆ ದೊರೆಗೆ ‘ಸರ್ವಜ್ಞ’ ಎಂಬ ಬಿರುದಿತ್ತು. ರಾಜ್ಯ ಹೋಯಿತು, ಅರಮನೆ ಹೋಯಿತು. ಬಿರುದು ಮಾತ್ರ ಊರು ಬಿಡದೆ ಕೈಯಿಂದ ಕೈಗೆ ದಾಟುತ್ತ ಈಗ ಕಾಕಾನ ಬಳಿ ಬಂದು ನಿಂತಿದೆ. ಸೋಜಿಗವೆಂದರೆ ಕಾಕಾ ಮಾಂಸ ಮುಟ್ಟಿದವರಲ್ಲ. ಕೊರಳಲ್ಲಿ ಲಿಂಗ, ತಾಟಿನಲ್ಲಿ ಸುಟ್ಟ ಬದನೆಕಾಯಿ ಮತ್ತು ಸೀತನಿ. ಆದರೂ ಕಬಾಬಿನ ಡ್ರಮ್ಮಿಗೂ ಬದನೆಕಾಯಿಯ ಡ್ರಮ್ಮಿಗೂ ಬೆಂಕಿ ಅವರದೇ. ಕೇಳಿದರೆ, “ಬೆಂಕಿಗಿ ಎಲ್ಲೀ ಕುಲಾರಿ? ಬಸವಣ್ಣನ ಊರಾಗ ಕುಂತು ಇದು ಕೇಳ್ಲತ್ತೀರಲ್ಲ!”

ಸುಳ್ಳು ಹೇಳಬಾರದು, ಕಾಕಾನ ವಿದ್ಯೆ ಗಟ್ಟಿ. ಗಾಳಿಗೆ ಅಡ್ಡಿ ಮಾಡಿ ಕಟ್ಟಿಗೆ ಬೇಯಿಸಿದಾಗ ಅದರ ನೀರು ಹೋಗುತ್ತದೆ, ಭಗ್ಗನೆ ಉರಿಯುವ ಅನಿಲವೂ ಹೋಗುತ್ತದೆ. ಉಳಿದ ಕರಿಯೇ ಇದ್ದಲಿ. ಆದ್ದರಿಂದ ಕಡ್ಡಿ ಗೀರಿದ ತಕ್ಷಣ ಹತ್ತುವ ಜಾಯಮಾನ ಅದರದ್ದಲ್ಲ. ಮುನಿಸಿಕೊಂಡ ಬೀಗರ ಹಾಗೆ ಪುಸಲಾಯಿಸಬೇಕು. ಕಾಕಾ ತರುವುದು 15 ಕಿಲೋದ ಖಾಲಿ ಎಣ್ಣೆ ಡಬ್ಬಿ. ಅದರ ಮೇಲು ತಳ ಎರಡೂ ಕತ್ತರಿಸಿ, ಕೆಳಗಡೆ ಸುತ್ತ ಮೊಳೆಯಿಂದ ತೂತು ಹೊಡೆದಿದ್ದಾರೆ. ಜಾಲರಿಯ ಮೇಲೆ ಅದನ್ನು ನಿಲ್ಲಿಸಿ ಅಡಿಗೆ ಶೇಂಗಾ ಎಣ್ಣೆ ಸವರಿದ ಕಾಗದ, ಅದರ ಮೇಲೆ ಮುರಿದ ತೊಗರಿ ಕಟಗಿ, ಒಂದು ಚೂರು ಕುಳ್ಳು, ಆಮೇಲೆ ಸಣ್ಣ ಇದ್ದಲಿ, ತುದಿಗೆ ದಪ್ಪ ಇದ್ದಲಿ. ಬುಡದಲ್ಲಿ ಕಡ್ಡಿ ಗೀರಿದರೆ ಬಿಸಿಗಾಳಿ ಮೇಲೇರಿ, ತೂತುಗಳಿಂದ ತಣ್ಣನೆ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಊದುವುದೂ ಬೇಡ, ಬೀಸುವುದೂ ಬೇಡ. 15–20 ನಿಮಿಷದಲ್ಲಿ ಮೇಲಿನ ತುಂಡುಗಳ ಅಂಚಿಗೆ ಬೂದಿಯ ಮೀಸೆ ಮೂಡಿದರೆ ಕೆಂಡ ಸಿದ್ಧ.

ವಿದ್ಯೆಗೆ ಬೇಕಾದದ್ದು 20 ನಿಮಿಷ. ಕಾಕಾನಿಗೆ ಬೇಕಾದದ್ದು ಎರಡು ತಾಸು. ಬೆಂಕಿಯನ್ನು ಅದರ ಪಾಡಿಗೆ ಬಿಡುವುದು ಅವರಿಂದಾಗದು. ಡಬ್ಬಿ ಎತ್ತಿ ನೋಡುತ್ತಾರೆ, ಕಡ್ಡಿಯಿಂದ ತಿವಿಯುತ್ತಾರೆ, ದಪ್ಪ ತುಂಡನ್ನು ಕೆಳಗಿಟ್ಟು ಸಣ್ಣದನ್ನು ಮೇಲಿಡುತ್ತಾರೆ, ಮತ್ತೆ ಅದಲುಬದಲು ಮಾಡುತ್ತಾರೆ. ಸುಮ್ಮನೆ ನಿಂತವರ ಕೈಗೆಲ್ಲ ಬೀಸಲು ಒಂದೊಂದು ಸಾಮಾನು: ಒಬ್ಬರಿಗೆ ಮೊರ, ಒಬ್ಬರಿಗೆ ಮುಗಿದ ಮದುವೆಯ ಲಗ್ನಪತ್ರಿಕೆ.

ಒಂದು ಸಲ ಹುಮನಾಬಾದಿನಿಂದ ಬಂದ ನೆಂಟರಲ್ಲಿ ಆ ಊರಿನ ಕೆಂಡದ ಕಾಕಾ ಇದ್ದರು. ಎರಡು ನಿಮಿಷ ಕೈಕಟ್ಟಿ ನೋಡಿ, “ಕರ್ಪೂರ ಇಡ್ರಲ್ಲ” ಎಂದರು.

“ಪೂಜಾ ಮಾಡ್ಲತ್ತಿಲ್ರೀ ಇಲ್ಲಿ.”

“ನಮ್ಮದು ವೀರಭದ್ರೇಶ್ವರನ ಊರು. ಬೆಂಕಿ ಬಗ್ಗಿ ನಮಗ ಹೇಳ್ಲತ್ತೀರೇನು?”

ಹಾಗೆ ಕಲ್ಯಾಣದ ಡಬ್ಬಿ ಪಂಥಕ್ಕೂ ಹುಮನಾಬಾದಿನ ಕರ್ಪೂರ ಪಂಥಕ್ಕೂ ವಾದ ಹತ್ತಿಕೊಂಡಿತು. ಇದ್ದಲಿ ಹತ್ತಲಿಲ್ಲ. ಇಬ್ಬರೂ ತಿರುಗಿ ನೋಡುವಷ್ಟರಲ್ಲಿ ಡಬ್ಬಿಯೊಳಗೆ ಕತ್ತಲು. “ನಿಮ್ಮ ಗಾಳಿ” ಎಂದರು ಒಬ್ಬರು. “ನಿಮ್ಮ ಬಾಯಿ” ಎಂದರು ಇನ್ನೊಬ್ಬರು. ನಾವು ಸುಡಬೇಕಾದ ಪನೀರನ್ನು ಹಸಿಯಾಗಿಯೇ ಉಪ್ಪುಖಾರ ಹಚ್ಚಿ ಅರ್ಧ ಖಾಲಿ ಮಾಡಿದ್ದೆವು.

ಕಾಕಾ ಚುಟುಕಾಗಿ ಮಾತಾಡಿದ್ದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಎಳ್ಳಮಾವಾಸ್ಯೆಯ ಚಳಿಗೆ ಯಾರೋ ಉಳಿದ ಕೆಂಡವನ್ನು ಬುಟ್ಟಿಯಲ್ಲಿಟ್ಟು ಮಲಗುವ ಕೋಣೆಗೆ ಒಯ್ಯುತ್ತಿದ್ದರು. “ಮುಚ್ಚಿದ ಖೋಲ್ಯಾಗ ಕೆಂಡ ಬ್ಯಾಡ. ಅದರ ವಿಷಗಾಳಿಗಿ ವಾಸನಿ ಇರಲ್ಲ. ನಿದ್ದ್ಯಾಗೇ ಒಯ್ತದ” ಎಂದು ತಾವೇ ನೀರು ಹೊಯ್ದರು. ಉದಾಹರಣೆಯಿಲ್ಲ, ಸೋಮೇಶ್ವರನಿಲ್ಲ.

ಕಳೆದ ಸಲ ಕಾಕಾ ಯಾವುದೋ ಮದುವೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದರು. ಹುಡುಗರಿಗೆ ಸ್ವಾತಂತ್ರ್ಯ ಬಂದಂತಾಯಿತು. ಸಸ್ತಾಪುರ ಬಂಗ್ಲಾದ ಹತ್ತಿರದ ಹೊಲ, ಅದೇ ಡ್ರಮ್ಮು, ಬಾಟ್ಲಿ ತುಂಬ ಚಿಮಣಿ ಎಣ್ಣೆ. ಏಳಕ್ಕೆ ಹಚ್ಚಿದೆವು, ಏಳೂವರೆಗೆ ಉಂಡೆದ್ದೆವು. ಬದನೆಕಾಯಿ ಸ್ಟೋವಿನ ಬತ್ತಿ ನೆಕ್ಕಿದಂತಿತ್ತು. ಎಂಟಕ್ಕೆಲ್ಲ ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ತಿರುಗಿ ಮೊಬೈಲ್ ನೋಡುತ್ತಿದ್ದೆವು. ಬೈಯಲು ಯಾರೂ ಇರಲಿಲ್ಲ. ಕಾಯಲು ಏನೂ ಇರಲಿಲ್ಲ.

ಎಂಟೂಕಾಲಕ್ಕೆ ಬಾಟ್ಲಿ ಹಿಡಿದಿದ್ದ ಹುಡುಗನೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. “ಕಾಕಾ, ಸೀತನಿ ಇನ್ನೂ ಸುಡಬೇಕ್ರಿ. ಬೆಂಕಿ ಹೊಸದಾಗಿ ಹಚ್ತೀವಿ. ಹೆಂಗ ಮಾಡಮು?”

ಅತ್ತ ಮದುವೆಯ ಬ್ಯಾಂಡು ಬಾರಿಸುತ್ತಿತ್ತು. ಆ ಸದ್ದು ಮೆಲ್ಲಗೆ ದೂರವಾಯಿತು. ಕಾಕಾ ಮಂಟಪ ಬಿಟ್ಟು ಹೊರಗೆ ಬಂದಿರಬೇಕು. ಗಂಟಲು ಸರಿಮಾಡಿಕೊಂಡರು.

“ಮೊದಲ, ಗಾಳಿ ಯಾ ಕಡಿಂದ ಬೀಸ್ಲತ್ತದ ಹೇಳ್ರಿ.”

ನಾವೆಲ್ಲ ಮೊಬೈಲ್ ಕಿಸೆಗಿಟ್ಟು ಅಂಗೈ ಮೇಲೆತ್ತಿದೆವು.